ಬಾಲ ಹೂತು ಮೂತಿ ಎತ್ತಿದ ವಿಮಾನ

ಕೊಳವೆ ಜೋಡಿಸುವುದನ್ನು ಒಂದು ವಿದ್ಯೆಯೆಂದು ಒಪ್ಪಲು ನಮ್ಮ ತಾಂತ್ರಿಕ ಕಾಲೇಜೂ ಮೀನಮೇಷ ಎಣಿಸುತ್ತಿದ್ದ ಕಾಲದಲ್ಲಿ ವರ್ಕ್‌ಶಾಪಿಗೆ ಅಧ್ಯಾಪಕಿಯಾಗಿ ಬಂದು, ದ್ರವ ಹರಿಯುವ ದಾರಿಯನ್ನು ಓದುವುದನ್ನು ಎರಡು ತಲೆಮಾರಿನ ವಿದ್ಯಾರ್ಥಿಗಳಿಗೆ ಕಲಿಸಿ, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರನ್ನು ಕುರಿತು ಬರೆಯುವ ಭಾಗ್ಯ ಸಹೋದ್ಯೋಗಿಯಾದ ನನ್ನದಾಗಿದೆ. ಎದುರಿಗೆ ಮೇಡಂ, ಬೆನ್ನ ಹಿಂದೆ ‘ಪೈಪಮ್ಮ’. ಎರಡನೆಯ ಹೆಸರು ಅವರಿಗೆ ಗೊತ್ತಿಲ್ಲವೆಂದು ನಂಬಿದ್ದ ನಾವೇ ದಡ್ಡರು.

ಅವರ ಬೋಧನಾಕ್ರಮ ಅವರದೇ. ಕೊಳವೆಯ ತುದಿಗೆ ವಿದ್ಯಾರ್ಥಿಯ ಬೆರಳಿಡಿಸಿ, ಕಣ್ಣು ಮುಚ್ಚಿಸಿ, "ಈಗ ನೀನೇ ಪೆಟ್ರೋಲು. ಹೊರಡು. ಎಲ್ಲಿ ಹತ್ತಬೇಕು, ಎಲ್ಲಿ ಇಳೀಬೇಕು, ಹೇಳ್ತಾ ಹೋಗು" ಎನ್ನುವರು. ನನ್ನ ತಾಯಿ ಆಸ್ಪತ್ರೆ ಸೇರಿದಾಗ ನನ್ನ ವಿದ್ಯುತ್ ಪಾಠಗಳನ್ನೂ, ಆ ವಿಷಯ ತಮಗೆ ಬಾರದಿದ್ದರೂ, ಹಿಂದಿನ ದಿನ ಓದಿಕೊಂಡು ಬಂದು ಅವರೇ ನಡೆಸಿದರು. ನಾನು ಮರಳಿದಾಗ ತರಗತಿಗೆ ತರಗತಿಯೇ ಕಣ್ಣು ಮುಚ್ಚಿ ತಂತಿಯ ಮೇಲೆ ಬೆರಳಾಡಿಸುತ್ತ "ನಾನು ಕರೆಂಟು" ಎನ್ನುತ್ತಿತ್ತು! ಆ ಉಪಕಾರವನ್ನು ನಾನು ಮರೆಯಲಾರೆ.

ವಿಮಾನ ಹಾರಿಸಲು ಕಲಿತ ಅವರ ಮಗಳು ಬಿಡಿಭಾಗಗಳ ಕಿಟ್ ತರಿಸಿ, ಇಬ್ಬರು ಕೂರುವ ಪುಟ್ಟ ವಿಮಾನವನ್ನು ಮನೆಯ ಹಿಂದಿನ ಶೆಡ್ಡಿನಲ್ಲಿ ಕಟ್ಟತೊಡಗಿದಾಗ, ತಂತಿಗಳು ನನ್ನ ಪಾಲಿಗೂ ಪೆಟ್ರೋಲಿನ ಕೊಳವೆಗಳು ಮೇಡಂ ಪಾಲಿಗೂ ಬಂದವು. ಪಂಪಿಲ್ಲದ ವಿಮಾನವದು; ಪೆಟ್ರೋಲು ತನ್ನ ಭಾರದಿಂದಲೇ ಇಳಿದು ಬರಬೇಕು. ರೆಕ್ಕೆಯೊಳಗಿನ ಟ್ಯಾಂಕಿನಿಂದ ಹೊರಟು, ಸೀಟುಗಳ ಮೇಲಿನ ಚಾವಣಿಯ ಅಂಚಿನಲ್ಲಿ ಮುಂದೆ ಸಾಗಿ, ಮುಂದಿನ ಕಂಬದ ಗುಂಟ ಇಳಿದು ಎಂಜಿನ್ ಸೇರುವ ಆ ಕೊಳವೆ ಎಷ್ಟು ಅಂದವಾಗಿತ್ತೆಂದರೆ, ನೋಡಲು ಬಂದವರು ವಿಮಾನವನ್ನು ಬಿಟ್ಟು ಅದನ್ನೇ ಹೊಗಳುತ್ತಿದ್ದರು.

ಹಾರಾಟದ ದಿನ ಗೊತ್ತಾಗಿ ನೆಂಟರಿಷ್ಟರಿಗೆಲ್ಲ ಕರೆ ಹೋದ ಮೇಲೆ, ಮೇಡಂ ಗುದ್ದಲಿ ಹಿಡಿದು ಶೆಡ್ಡಿನ ಮುಂದೆ ಗುಂಡಿ ತೋಡತೊಡಗಿದರು. ಬಾಲವನ್ನು ಅದರೊಳಗೆ ಇಳಿಸಿದರೆ ಮೂತಿ ಮೇಲೆದ್ದು, ವಿಮಾನ ಕಡಿದಾಗಿ ಏರುವಾಗಿನ ಭಂಗಿ ನೆಲದ ಮೇಲೇ ಸಿಗುತ್ತದೆ. ಆಗಲೂ ಪೆಟ್ರೋಲು ಸಾಕಷ್ಟು ಹರಿಯುತ್ತದೆಯೇ ಎಂಬುದೇ ಪರೀಕ್ಷೆ.

"ಏನ್ ಮೇಡಂ, ಹಾರಿಸ್ತೀರೋ, ನೆಡ್ತೀರೋ?" ಎಂದು ನಾನು ರೇಗಿಸಿದೆ.

"ನೆಟ್ಟು ನೋಡೋಣ. ಚಿಗುರದಿದ್ರೆ ಹಾರಿಸೋದು ಬೇಡ."

ಚಿಗುರಲಿಲ್ಲ! ಎಂಜಿನ್ ಬಳಿ ಬಿಚ್ಚಿಟ್ಟ ತುದಿಯಿಂದ ಡಬ್ಬಿಗೆ ಸುರಿಯುತ್ತಿದ್ದ ಧಾರೆ ಸಣ್ಣಗಾಗಿ, ಕೊನೆಗೆ ತೊಟ್ಟಿಕ್ಕಿತು. ಇದೇ ಆಕಾಶದಲ್ಲಾಗಿದ್ದರೆ ಎಂಜಿನ್ ನಿಂತಿರುತ್ತಿತ್ತು. ಮೇಡಂ ಕಣ್ಣು ಮುಚ್ಚಿ, ಟ್ಯಾಂಕಿನ ಬಾಯಿಯಿಂದ ಬೆರಳಿಟ್ಟು ಹೊರಟರು. ಚಾವಣಿಯ ಅಂಚಿನಲ್ಲಿ ಬೆರಳು ನಿಂತಿತು.

"ಇಲ್ಲಿ ನಾನು ಹತ್ತಬೇಕಾಗ್ತಿದೆ," ಎಂದರು.

ಶೆಡ್ಡಿನಲ್ಲಿ ಬಾಲಕ್ಕೆ ಸ್ಟೂಲು ಕೊಟ್ಟು, ವಿಮಾನವನ್ನು ಮಟ್ಟಸವಾಗಿ ನಿಲ್ಲಿಸಿಯೇ ಅವರು ಪ್ರತಿ ಸಲ ಇಳಿಜಾರು ಅಳೆದಿದ್ದರು. ಮೂತಿ ಎತ್ತಿದೊಡನೆ ಅದೇ ಇಳಿಜಾರು ದಿಬ್ಬವಾಗಿ, ಅದರ ನೆತ್ತಿಯಲ್ಲಿ ಗಾಳಿ ಸಿಕ್ಕಿಕೊಂಡಿತ್ತು.

"ಅಮ್ಮಾ, ಟ್ಯಾಂಕ್ ಪೂರ್ತಿ ತುಂಬಿಸಿದ್ರೆ ಹರಿಯುತ್ತೆ. ನಾಳೆ ಎಲ್ಲರೂ ಬರ್ತಿದಾರೆ," ಎಂದಳು ಮಗಳು.

"ಬರ್ಲಿ, ಊಟ ಮಾಡ್ಕೊಂಡು ಹೋಗ್ಲಿ. ಮೇಲೆ ಹೋಗೋದು ನನ್ನ ಮಗಳು ಕಣೆ, ಪೈಪಿನ ಅಂದ ಅಲ್ಲ."

ಊರೆಲ್ಲ ಹೊಗಳಿದ್ದ ಆ ಕೊಳವೆಯನ್ನು ತಮ್ಮ ಕೈಯಾರೆ ಕತ್ತರಿಸಿ ತೆಗೆದರು. ಹೊಸದು ಟ್ಯಾಂಕಿನಿಂದ ನೇರ ಹಿಂದಿನ ಕಂಬಕ್ಕಿಳಿದು, ಸೀಟಿನ ಕೆಳಗೆ ಹಾಯ್ದು ಮುಂದೆ ಹೋಯಿತು. ನೋಡಲು ಸೊಟ್ಟಂಬಟ್ಟ. ಆದರೆ ಬಾಲವನ್ನು ಮತ್ತೆ ಗುಂಡಿಗಿಳಿಸಿದಾಗ ಧಾರೆ ನಿಲ್ಲಲೇ ಇಲ್ಲ. ಡಬ್ಬಿ ತುಂಬಿತು, ತಾಯಿಯನ್ನು ತಬ್ಬಿಕೊಂಡ ಮಗಳು ಕುಣಿದೇ ಕುಣಿದಳು!

ಬಂದು ಉಂಡು ಹೋಗಿದ್ದ ನೆಂಟರು ಮತ್ತೊಮ್ಮೆ ಬಂದರು. ವಿಮಾನ ನೆಲ ಬಿಟ್ಟಿತು. ಗುಂಡಿಯಲ್ಲಿ ನಿಂತಿದ್ದ ಭಂಗಿಯಲ್ಲೇ ಮೂತಿ ಎತ್ತಿ ಏರಿತು! ನಾವೆಲ್ಲ ಕುತ್ತಿಗೆ ನೋಯುವಂತೆ ಮೇಲೆ ನೋಡುತ್ತಿದ್ದರೆ, ಮೇಡಂ ಕಣ್ಣು ಮುಚ್ಚಿಕೊಂಡು, ಬೆರಳನ್ನು ಗಾಳಿಯಲ್ಲಾಡಿಸುತ್ತ, "ಇಳೀತಿದೀನಿ... ಇಳೀತಿದೀನಿ..." ಎಂದು ಗೊಣಗುತ್ತಿದ್ದರು. ಅವರು ಕಣ್ಣು ಬಿಟ್ಟಾಗ ವಿಮಾನ ಆಗಲೇ ಚುಕ್ಕಿಯಾಗಿತ್ತು. ತಾನೇ ಕಟ್ಟಿದ ವಿಮಾನದಲ್ಲಿ ಮಗಳು ಮೊದಲ ಸಲ ನೆಲ ಬಿಟ್ಟದ್ದನ್ನು ಅವರು ನೋಡಲೇ ಇಲ್ಲ.

ನಿವೃತ್ತಿಯ ಮರುದಿನ ಮಗಳ ಪಕ್ಕದ ಸೀಟಿನಲ್ಲಿ ಅವರ ಮೊದಲ ಹಾರಾಟವೆಂದು ತಿಳಿದು ನನಗಂತೂ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಅವರಿಗೆ ದೀರ್ಘಾಯುಷ್ಯವೂ ಆರೋಗ್ಯವೂ ಇರಲಿ. ಶೆಡ್ಡಿನಲ್ಲಿ ಇನ್ನೂ ವಿಮಾನಗಳು ಹುಟ್ಟಲಿ, ಗುಂಡಿ ಮುಚ್ಚದಿರಲಿ. ಮೇಡಂ, ಈ ಸಲ ಕಣ್ಣು ಬಿಟ್ಟುಕೊಂಡು ಎಲ್ಲವನ್ನೂ ನೋಡಿ. ಕೆಳಗೆ ಕಣ್ಣು ಮುಚ್ಚಿ ನಿಂತು, ನೀವು ಇಳಿಯುವವರೆಗೂ ಪೆಟ್ರೋಲಾಗಿರುವ ಕೆಲಸ ನನಗಿರಲಿ.