ಎದುರುಗಡೆ ಹಚ್ಚಿದ ಒಲೆ

ಮೊನ್ನೆ ಶಿರಾದ ಬಸ್ ನಿಲ್ದಾಣದ ಹಿಂದೆ ನಡೆಯುತ್ತಿದ್ದಾಗ ಯಾವುದೋ ಹೋಟೆಲಿನಿಂದ ರಾಗಿಹಿಟ್ಟು ತಳ ಹಿಡಿದ ವಾಸನೆ ಬಂತು. ಕಾಲು ತಾನಾಗಿಯೇ ನಿಂತಿತು. ಮಧುಗಿರಿಯ ನಮ್ಮ ಬೀದಿಯ ಮೆಸ್ಸಿನ ಅಕ್ಕ ನೆನಪಾದರು...

ನಾವು ಈಗಿರುವ ಮನೆ ಮೊದಲು ಅವರದು. ಮುಂದಿನ ಕೋಣೆಯಲ್ಲಿ ಮುದ್ದೆ ಊಟದ ಮೆಸ್ ನಡೆಸುತ್ತಿದ್ದರು. ಅವರ ಗಂಡ ತಮ್ಮನ ಲಾರಿ ಸಾಲಕ್ಕೆ ಮನೆ ಅಡವಿಟ್ಟಿದ್ದರು. ಕಂತು ನಿಂತಿತು, ಬ್ಯಾಂಕಿನವರು ಬೀಗ ಜಡಿದರು, ಹರಾಜಿನಲ್ಲಿ ನಮ್ಮ ಯಜಮಾನರು ಕೊಂಡರು. ಬೀಗ ತೆಗೆದ ದಿನ ಮೊದಲು ಒಳಗೆ ಹೋದವಳು ನಾನು. ಮಸಿ ಹಿಡಿದ ಕೊಪ್ಪರಿಗೆಗಳು, ಗೋಡೆಗೆ ಒರಗಿಸಿದ ಮುದ್ದೆ ಕೋಲು, ತೊಳೆದು ಬೋರಲು ಹಾಕಿದ ತಟ್ಟೆಗಳು. ಇನ್ನೇನು ಜನ ಉಣ್ಣಲು ಬರುತ್ತಾರೆ ಅನ್ನುವ ಹಾಗಿತ್ತು.

ಅತ್ತೆ ಹೊಸಿಲು ದಾಟಲಿಲ್ಲ. ಮನೆ ಕಳೆದುಕೊಂಡವರ ಪಾತ್ರೆ ಒಳಗಿದ್ದರೆ ನಮಗೂ ಒಳ್ಳೆಯದಾಗದು, ಗೃಹಪ್ರವೇಶಕ್ಕೆ ಮುಂಚೆ ಎಲ್ಲವನ್ನೂ ಗುಜರಿಗೆ ಹಾಕಿ ಅಂದರು. ಗುಜರಿಯವನ ಆಟೊ ಬಾಗಿಲಿಗೆ ಬಂದ ಹೊತ್ತಿಗೇ ಅಕ್ಕ ಬಂದರು. ಅವರ ಗಂಡ ಮುಖ ತೋರಿಸಲಾರದೆ ತೋವಿನಕೆರೆಯ ನೆಂಟರ ಮನೆ ಸೇರಿದ್ದರಂತೆ. ಇವರು ಮಟಮಟ ಮಧ್ಯಾಹ್ನ, ಹೂ ಮುಡಿದು, ನಡುಬೀದಿಯಲ್ಲಿ ನಡೆದು ಬಂದಿದ್ದರು.

ಸಾಮಾನು ಒಯ್ಯಲು ಬ್ಯಾಂಕ್ ಕೊಟ್ಟ ಗಡುವು ಮುಗಿದಿದೆ, ಇನ್ನು ಒಳಗಿರುವುದೆಲ್ಲ ನಮ್ಮದು ಎಂದರು ಯಜಮಾನರು. ಅಕ್ಕ ದನಿ ಏರಿಸಲಿಲ್ಲ.

"ಮನೆ ಹೋಯ್ತು, ಆ ಮಾತು ಮುಗೀತು ಕಣಪ್ಪ. ಪಾತ್ರೆ ನಂದು. ತಗಂಡೋಗಕ್ಕೆ ಬಂದಿದೀನಿ, ಬೇಡಕ್ಕಲ್ಲ."

ನಾನು ಒಳಗೆ ಹೋಗಿ ದೊಡ್ಡ ಕೊಪ್ಪರಿಗೆಯ ಒಂದು ಕಿವಿ ಹಿಡಿದೆ. ಮುಟ್ಟಬೇಡ ಎಂದು ಅತ್ತೆ ಹೊರಗಿನಿಂದ ಗದರಿದರು. ಬಿಡಲಿಲ್ಲ. ಇನ್ನೊಂದು ಕಿವಿಗೆ ಅಕ್ಕ ಕೈ ಹಾಕಿದರು. ಸಾಗಿಸಲು ಗಾಡಿ ಎಲ್ಲಿ ಎಂದು ಕೇಳಿದರೆ, ಬೇಕಿಲ್ಲ ಎಂದು ಬೀದಿಯ ಆಚೆಗೆ ಗಲ್ಲ ಚಾಚಿ ತೋರಿಸಿದರು. ನಮ್ಮ ಬಾಗಿಲಿಗೆ ನೇರ ಎದುರಿನ ಖಾಲಿ ಮಳಿಗೆಯನ್ನು ಆಗಲೇ ಬಾಡಿಗೆಗೆ ಹಿಡಿದಿದ್ದರು!

ನಮ್ಮ ಗೃಹಪ್ರವೇಶದ ದಿನ ಇತ್ತ ಹೋಮದ ಹೊಗೆ, ಅತ್ತ ಒಲೆಯ ಹೊಗೆ. ಕೋರ್ಟಿನ ಗುಮಾಸ್ತರು, ಲಾರಿ ಡ್ರೈವರುಗಳು, ಹಳೆಯ ಗಿರಾಕಿಗಳೆಲ್ಲ ಅಲ್ಲಿದ್ದರು. ಅಕ್ಕನನ್ನು ಊಟಕ್ಕೆ ಕರೆಯಲು ಹೋದೆ.

"ಆ ಹೊಸ್ಲು ನಾನಿನ್ನು ತುಳಿಯಲ್ಲ ಕಣಮ್ಮ. ನೀನೇ ಕೂತ್ಕ, ಉಣ್ಣು."

ರೇಷ್ಮೆ ಸೀರೆಯಲ್ಲೇ ಬೆಂಚಿನ ಮೇಲೆ ಕೂತು ಮುದ್ದೆ, ಹುರುಳಿ ಸಾರು ಉಂಡೆ. ಅತ್ತೆ ಎಷ್ಟೋ ದಿನ ಮಾತು ಬಿಟ್ಟರು. ನಾನು ಹೋಗುವುದನ್ನು ಬಿಡಲಿಲ್ಲ.

ದಿನವೂ ಈ ಮನೆಯನ್ನೇ ನೋಡುತ್ತಾ ನಿಂತಿರಲು ನೋವಾಗದೇ ಎಂದು ಒಮ್ಮೆ ಕೇಳಿದ್ದೆ. ಮುದ್ದೆ ತಿರುವುತ್ತಲೇ ಹೇಳಿದರು: "ಆಗ್ಲಿ ಬುಡು. ಊರು ಬುಟ್ಟೋದ್ರೆ ನಾನೇ ತಪ್ಪು ಮಾಡ್ದಂಗೆ ಆಯ್ತದೆ."

ಕೊನೆಯವರೆಗೂ ಅಲ್ಲೇ ಬೇಯಿಸಿದರು. ಹೋದ ವರ್ಷ ಎದೆನೋವು ಬಂದು ಎರಡೇ ದಿನಕ್ಕೆ ಹೋಗಿಬಿಟ್ಟರು... ಅಲ್ಲೀಗ ಮೊಬೈಲ್ ಅಂಗಡಿ.

ನಮ್ಮ ಗೇಟಿನ ಮೇಲೆ ಕಲ್ಲಿನಲ್ಲಿ ಮನೆಯ ಹೆಸರು ಕೆತ್ತಿಸಿದ್ದೇವೆ. ಆದರೂ ಫೋನಿನಲ್ಲಿ ಯಾರಾದರೂ ದಾರಿ ಕೇಳಿದರೆ, ಮುದ್ದೆ ಮೆಸ್ಸಿನ ಎದುರು ಮನೆ ಎನ್ನುತ್ತೇನೆ. ಹೊಸಬರು ಬೀದಿಯಲ್ಲಿ ನಿಂತು, ಇಲ್ಲಿ ಮೆಸ್ಸೇ ಇಲ್ಲವಲ್ಲ ಎನ್ನುತ್ತಾರೆ. ಇಲ್ಲ, ನಿಜ. ಆದರೆ ನಾನು ವಿಳಾಸ ಬದಲಿಸುವುದಿಲ್ಲ.