ಪರವಾಗಿಲ್ಲ ಅಂದವನು

ಸರ್ಕಾರಿ ಶಾಲೆಯ ಗೇಟಿಗೆ ನೇರ ಎದುರಾಗಿ ಒಂದು ಸಲೂನು. ಎರಡು ಕುರ್ಚಿ, ಅದರಲ್ಲೊಂದಕ್ಕೆ ಕೈ ಮುರಿದಿದೆ. ಕಾಯುವವರಿಗೆ ಒಂದು ಮರದ ಬೆಂಚು. ಗೋಡೆಯುದ್ದಕ್ಕೂ ಕನ್ನಡಿ. ಅಂಗಡಿಯವನು ಮಾತು ಕಡಿಮೆಯ ಮನುಷ್ಯ. ಇವನ ಕುರ್ಚಿಯಲ್ಲಿ ಕೂತರೆ ನಿದ್ದೆ ಬರುತ್ತದೆ ಎಂದು ಬೇರೆ ಸಲೂನಿನವರು ಆಡಿಕೊಳ್ಳುತ್ತಿದ್ದರು. ನಿದ್ದೆ ಹೋದ ತಲೆ ಅಲ್ಲಾಡುವುದಿಲ್ಲ, ಕೆಲಸ ಸಲೀಸು ಎಂಬುದು ಇವನ ಲೆಕ್ಕ.

ಹೊಗಳುವುದಕ್ಕೆ ಇವನ ಬಾಯಲ್ಲಿ ಇದ್ದದ್ದು ಒಂದೇ ಪದ: ಪರವಾಗಿಲ್ಲ. ಕೆಟ್ಟದ್ದು ಕಂಡರೆ ಸುಮ್ಮನಿರುತ್ತಿದ್ದ. ಹಾಗೂ ಅಲ್ಲ ಹೀಗೂ ಅಲ್ಲ ಅನ್ನುವಂಥದ್ದಕ್ಕೆ ಒಂದು ‘ಹೂಂ’. ಮನಸ್ಸು ತುಂಬಿ ಬಂದಾಗ ಮಾತ್ರ ಗಂಟಲು ಸರಿಮಾಡಿಕೊಂಡು ‘ಪರವಾಗಿಲ್ಲ’ ಅನ್ನುತ್ತಿದ್ದ. ಬೆಂಚಿನ ಖಾಯಂ ಗಿರಾಕಿಯಾದ ಮುದಿ ಲಾರಿ ಡ್ರೈವರ್ ಒಮ್ಮೆ ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಂಡು ಬಂದು ಬಾಯಿ ಕಿಸಿದು ತೋರಿಸಿದ. ಇವನು ಕತ್ತರಿ ಕೆಳಗಿಟ್ಟು, ಹತ್ತಿರದಿಂದ ನೋಡಿ, ‘ಪರವಾಗಿಲ್ಲ’ ಅಂದ. ಡ್ರೈವರ್ ಅವತ್ತು ಕತ್ತಲಾಗುವ ತನಕ ಬೀದಿಯಲ್ಲಿ ಹಲ್ಲು ಬಿಟ್ಟುಕೊಂಡೇ ಓಡಾಡಿದ. ಬೀದಿಯವರಿಗೆಲ್ಲ ಆ ಪದದ ತೂಕ ಗೊತ್ತಿತ್ತು. ಬೆನ್ನ ಹಿಂದೆ ಇವನ ಹೆಸರೇ ‘ಪರವಾಗಿಲ್ಲ’ ಎಂದಾಗಿತ್ತು.

ಈ ಜಿಪುಣತನಕ್ಕೆ ಕಾರಣವೂ ಇತ್ತು. ಹಿಂದೊಮ್ಮೆ ಸರ್ಕಾರದವರು ಶಾಲೆಯ ಆಟದ ಬಯಲನ್ನು ಅಂಗಡಿ ಮಳಿಗೆ ಕಟ್ಟಲು ಯಾರಿಗೋ ಬರೆದುಕೊಡಲು ಹೊರಟಾಗ ಇಡೀ ಬೀದಿ ಗೇಟಿನೆದುರು ಕೂತಿತ್ತು. ಇವನೂ ಕೂತಿದ್ದ. ಲಾಠಿ ಏಟು ತಿಂದ ಮೊಣಕಾಲು ಈಗಲೂ ಮೆಟ್ಟಿಲು ಹತ್ತುವಾಗ ಲಟಕ್ ಅನ್ನುತ್ತದೆ. ಬಯಲು ಉಳಿಯಿತು. ಆದರೆ ‘ಈ ಶಾಲೆ ನಮ್ಮ ಕಣ್ಣು, ನಮ್ಮ ಉಸಿರು’ ಎಂದು ಮೈಕು ಕಚ್ಚಿಕೊಂಡು ಕಿರುಚಿದವರ ಮಕ್ಕಳೆಲ್ಲ ಮರುದಿನ ಎಂದಿನಂತೆ ಹಳದಿ ಬಸ್ಸು ಹತ್ತಿ ಕಾನ್ವೆಂಟಿಗೆ ಹೋದರು. ಹೊಗಳಿಕೆಯ ಬಗ್ಗೆ ಇವನಿಗೆ ವಾಕರಿಕೆ ಹುಟ್ಟಿದ್ದು ಆಗಲೇ. ಒಂದು ಮಾತೂ ಆಡದೆ ತನ್ನ ಮಗಳನ್ನು ಅದೇ ಗೇಟಿನೊಳಕ್ಕೆ ಕಳಿಸಿದ.

ಆ ಮಗಳೇ ಈಗ ಆ ಶಾಲೆಯ ಒಂದನೇ ಕ್ಲಾಸಿನ ಟೀಚರ್. ಖಾಯಂ ಕೆಲಸವಲ್ಲ, ವರ್ಷ ವರ್ಷವೂ ಹೊಸದಾಗಿ ತೆಗೆದುಕೊಳ್ಳುತ್ತಿದ್ದರು. ಅವಳ ಕೆಲಸ ಹೇಗೆ ನಡೆದಿದೆ ಎಂದು ಇವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸಲೂನಿನ ಮುಂದಿನ ಗಾಜಿನ ಮೇಲೆ ಬೀದಿಗೆ ಕಾಣುವಂತೆ ಬರೆಸಿದ ಅಕ್ಷರಗಳು ಒಳಗಿನವರಿಗೆ ತಿರುಗುಮುರುಗು, ಕನ್ನಡಿಯೊಳಗೆ ಮತ್ತೆ ನೆಟ್ಟಗೆ. ಕುರ್ಚಿಯ ಮೇಲೆ ಹಲಗೆ ಹಾಕಿ ಕೂರಿಸಿದ ಚಿಳ್ಳೆಪಿಳ್ಳೆಗಳು ಕನ್ನಡಿ ನೋಡುತ್ತಾ ‘ಕ...ಟಿಂ...ಗ್’ ಎಂದು ತಾವಾಗಿಯೇ ಓದತೊಡಗಿದ್ದವು. ಕಣ್ಣಿಗೆ ಕೂದಲು ಬಿದ್ದರೂ ಕ್ಯಾರೇ ಇಲ್ಲ. ಮೊದಲು ಮೂರನೇ ಕ್ಲಾಸಿನವೂ ಓದುತ್ತಿರಲಿಲ್ಲ. ಅಂಥ ಹೊತ್ತಲ್ಲಿ ಇವನ ಕತ್ತರಿ ಅರೆಗಳಿಗೆ ನಿಲ್ಲುತ್ತಿತ್ತು. ಅಷ್ಟೇ. ಮನೆಗೆ ಹೋಗಿ ಮಗಳಿಗೆ ಹೇಳಿದ್ದಿಲ್ಲ.

ಆ ವರ್ಷ ಶಾಲೆಯ ಕುತ್ತಿಗೆಗೆ ಬಂತು. ಒಂದನೇ ಕ್ಲಾಸಿಗೆ ಸಾಕಷ್ಟು ಮಕ್ಕಳು ಸೇರದಿದ್ದರೆ ರೈಲು ಹಳಿಯಾಚೆಯ ಶಾಲೆಯೊಂದಿಗೆ ‘ವಿಲೀನ’ ಎಂದು ಮೇಲಿನವರು ಹೇಳಿ ಕಳಿಸಿದ್ದರು. ಮುಚ್ಚುತ್ತೇವೆ ಅನ್ನಲು ಅವರಿಗೆ ಬಾಯಿ ಬರುವುದಿಲ್ಲ. ಬೀದಿಯ ಹಿಂದೆ ಹೊಸದಾಗಿ ಎದ್ದ ಬಾಡಿಗೆ ಮನೆಗಳಲ್ಲಿ ಚಿಕ್ಕ ಮಕ್ಕಳ ಸಂಸಾರಗಳು ಬೇಕಾದಷ್ಟಿದ್ದವು. ಮಗಳು ಬಾಗಿಲು ಬಾಗಿಲು ತಿರುಗಿ ಚಪ್ಪಲಿ ಸವೆಸಿದಳು. ‘ಸೇರಿಸಲೇಬೇಕು ಅಂತಿಲ್ಲ. ಒಂದ್ಸಲ ಬಂದು ನೋಡಿ’ ಅಂದಳು.

ಜನ ಬಂದರು. ಗೋಡೆಯ ಬಿರುಕು ನೋಡಿದರು, ಕಕ್ಕಸಿನಲ್ಲಿ ನೀರು ಬರುತ್ತದೋ ಎಂದು ನಲ್ಲಿ ತಿರುಗಿಸಿ ನೋಡಿದರು, ಕ್ಲಾಸಿನ ಬಾಗಿಲಲ್ಲಿ ನಿಂತು ಪಾಠ ಕೇಳಿದರು. ಆಮೇಲೆ ಬುದ್ಧಿವಂತರು ಮಾಡುವ ಕೆಲಸವನ್ನೇ ಮಾಡಿದರು. ದಿನ ಬೆಳಗಾದರೆ ಈ ಗೇಟನ್ನೇ ನೋಡುತ್ತಾ ನಿಂತಿರುವವನು ಯಾರಿದ್ದಾನೆ ಎಂದು ಹುಡುಕಿ, ರಸ್ತೆ ದಾಟಿ ಸಲೂನಿಗೆ ಬಂದರು.

ಹಾಗೆ ಬಂದವರಲ್ಲೊಬ್ಬ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಯುವಕ. ಅವನು ಕುರ್ಚಿಯಲ್ಲಿ ಕೂತ, ಹೆಂಡತಿ ಮಗಳ ಕೈ ಹಿಡಿದು ಬಾಗಿಲಲ್ಲಿ ನಿಂತಳು.

“ಅಣ್ಣ, ಈ ಶಾಲೆ ಹೇಗೆ? ಸೇರಿಸಬಹುದಾ?” ಅಂದ.

ಅಂಗಡಿಯವನು ಗಂಟಲು ಸರಿಮಾಡಿಕೊಂಡ. “ಪರವಾಗಿಲ್ಲ.”

ಗಂಡ ಹೆಂಡತಿ ಕನ್ನಡಿಯೊಳಗೆ ಮುಖ ಮುಖ ನೋಡಿಕೊಂಡರು.

“ಆ ಒಂದನೇ ಕ್ಲಾಸಿನ ಟೀಚರ್ರು?” ಅಂದಳು ಹೆಂಡತಿ. “ನಮಗೇನೋ ಇಷ್ಟ ಆದ್ರು. ಮಕ್ಕಳ ಹತ್ರ ನಿಜವಾಗ್ಲೂ ಹಾಗೇ ಇರ್ತಾರಾ, ಇಲ್ಲಾ ನಾವು ಬಂದ್ವಿ ಅಂತಲಾ?”

ನಾಲಿಗೆಯ ತುದಿಗೆ ಎಷ್ಟೆಲ್ಲ ಬಂತು. ಕನ್ನಡಿ ನೋಡಿ ಓದುವ ಮಕ್ಕಳ ಸುದ್ದಿ ಬಂತು. ಬಾಯಿ ತೆರೆದರೆ ‘ಅವಳು ನನ್ನ ಮಗಳು’ ಎಂಬುದೂ ಜೊತೆಗೇ ಬಿದ್ದುಹೋಗುತ್ತದೆ, ತನ್ನ ಸರಕನ್ನು ತಾನೇ ಕೂಗಿ ಮಾರಿದಂತಾಗುತ್ತದೆ ಎಂದು ಮೈ ಹಿಡಿಯಾಯಿತು. ಮುಖ ಆಚೆ ತಿರುಗಿಸಿ ಬ್ರಷ್ಷಿನ ನೊರೆ ಕೊಡವಿದ.

“ಪರವಾಗಿಲ್ಲ.”

ಬೆಂಚಿನ ಮೇಲಿದ್ದ ಡ್ರೈವರ್ ತಡೆಯಲಾರದೆ ಖೊಕ್ಕನೆ ನಕ್ಕ. “ಕೇಳಿಸ್ತೇನಮ್ಮಾ? ಎರಡೆರಡು ಸಲ ಅಂದ! ಸಾಕಲ್ವಾ?”

“ಸಾಕು ಸಾಕು, ಅರ್ಥ ಆಯ್ತು,” ಅಂದಳು ಅವಳು, ಮುಖ ಚಿಕ್ಕದು ಮಾಡಿಕೊಂಡು. ನಿಂತಲ್ಲೇ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಅವರು ಹೋದಮೇಲೆ ಇವನಿಗೆ ಮನಸ್ಸು ಹಗುರವಾಗಿತ್ತು. ಮಗಳಿಗೆ ಒಬ್ಬಳು ಹುಡುಗಿ ಸಿಕ್ಕಳು ಅಂದುಕೊಂಡ. ಆಮೇಲೆ ಬಂದು ಕೇಳಿದವರಿಗೂ ಅದೇ ಪದ, ಅಷ್ಟೇ ಪ್ರೀತಿಯಿಂದ, ಎತ್ತಿ ಎತ್ತಿ ಕೊಟ್ಟ.

ಶಾಲೆ ಶುರುವಾಗಿ ಕೆಲ ದಿನವಾದ ಮೇಲೆ ಒಂದು ಮಧ್ಯಾಹ್ನ ಮಗಳು ಸಲೂನಿಗೆ ಬಂದಳು. ಎಂದೂ ಬರುವವಳಲ್ಲ. ಅಂಗಡಿ ಖಾಲಿಯಿತ್ತು. ಕೈ ಮುರಿದ ಕುರ್ಚಿಯಲ್ಲಿ ಕೂತು ಕನ್ನಡಿಯಲ್ಲಿ ಅಪ್ಪನನ್ನೇ ನೋಡಿದಳು.

“ಹೊಸ ಮನೆಗಳ ಕಡೆಯಿಂದ ಒಂದು ಮಗೂನೂ ಬರಲಿಲ್ಲ ಅಪ್ಪ. ಮೆಡಿಕಲ್ ಶಾಪಿನವರ ಹೆಂಡತಿ ತರಕಾರಿ ಅಂಗಡೀಲಿ ಸಿಕ್ಕಿದ್ರು. ಯಾಕೆ ಬರಲಿಲ್ಲ ಅಂದೆ. ‘ಬೇಜಾರು ಮಾಡ್ಕೋಬೇಡಿ, ಎದುರಿನ ಸಲೂನಿನವರನ್ನ ಕೇಳಿದ್ವಿ, ಅವರೇ ಸುಮಾರು ಅಂದ್ಬಿಟ್ರು. ನಿಮ್ಮ ಸುದ್ದಿ ಎತ್ತಿದ್ರೆ ಮುಖ ತಿರುಗಿಸಿಕೊಂಡ್ರು, ಪಕ್ಕದಲ್ಲಿದ್ದೋರು ನಕ್ಕರು’ ಅಂದ್ರು.”

“ಸುಮಾರು ಅಂತ ಯಾರಂದ್ರು? ನಾನು ಚೆನ್ನಾಗಿದೆ ಅಂತಾನೇ ಹೇಳಿದ್ದು ಪುಟ್ಟೀ!”

“ಏನಂದೆ? ನೀನಂದ ಹಾಗೇ ಹೇಳು.”

“ಪರವಾಗಿಲ್ಲ ಅಂದೆ.”

ಅವಳು ನಗಲು ಹೋದಳು, ಆಗಲಿಲ್ಲ. “ನಾನು ಶಾಲೆಗೇ ಮೊದಲು ಬಂದು ಮಾರ್ಕ್ಸ್ ಕಾರ್ಡ್ ತೋರಿಸಿದಾಗಲೂ ಹಂಗೇ ಅಂದಿದ್ದೆ. ಅವತ್ತು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ತೆ. ಇನ್ನೂ ಎಷ್ಟು ಓದಿದ್ರೆ ಅಪ್ಪನಿಗೆ ಸಾಕಾಗುತ್ತೆ ಅಂತ.”

“ಅಯ್ಯೋ, ಅದು... ಡ್ರೈವರ್ ತಾತನ್ನ ಕೇಳು ಬೇಕಾದ್ರೆ. ಅದರ ಅರ್ಥ ಎಲ್ಲರಿಗೂ ಗೊತ್ತು.”

“ಎಲ್ಲರಿಗೂ ಗೊತ್ತಪ್ಪ, ಆ ಬೆಂಚಿನ ಮೇಲೆ ಕೂತೋರಿಗೆ. ನನಗೆ ಗೊತ್ತಾಗಿದ್ದು ಈಗ.”

ಅವಳು ಎದ್ದು ಹೋದಳು. ಗೇಟಿನೊಳಗೆ ಹೋಗುವ ತನಕ ಇವನು ಕನ್ನಡಿಯಲ್ಲೇ ನೋಡಿದ. ತಿರುಗಿ ನೇರ ನೋಡಲು ಧೈರ್ಯವಾಗಲಿಲ್ಲ.

ಆ ಭಾನುವಾರ, ಗಿರಾಕಿಗಳು ಬೆಂಚು ತುಂಬಿ ಬೀದಿಗೆ ಬರುವ ದಿನ, ಸಲೂನಿನ ಬಾಗಿಲು ಹಾಕಿತ್ತು. ಇವನು ಲಟಕ್ ಲಟಕ್ ಅನ್ನುವ ಮೊಣಕಾಲಿನಲ್ಲಿ ಹೊಸ ಮನೆಗಳ ಮೆಟ್ಟಿಲು ಹತ್ತಿ ಮೆಡಿಕಲ್ ಶಾಪಿನವನ ಬಾಗಿಲು ತಟ್ಟಿದ. ಒಳಗೆ ಅವನ ಮಗಳು ಹೊಸ ಶೂ ಹಾಕಿಕೊಂಡು ನೆಲದ ಮೇಲೆ ಟಕಟಕ ಸದ್ದು ಮಾಡುತ್ತಿದ್ದಳು. ಕುರ್ಚಿಯ ಬೆನ್ನಿಗೆ ಚಿಕ್ಕದೊಂದು ಟೈ ನೇತುಬಿದ್ದಿತ್ತು.

“ಶಾಲೆ ತುಂಬಾ ಚೆನ್ನಾಗಿದೆ,” ಅಂದ ಇವನು, ಬಾಗಿಲಲ್ಲೇ ನಿಂತು. ಆ ಪದಗಳು ಬೇರೆಯವರ ಚಪ್ಪಲಿ ಹಾಕಿಕೊಂಡಂತೆ ಬಾಯಲ್ಲಿ ಸರಿಯಾಗಿ ಕೂರಲಿಲ್ಲ. “ಅವತ್ತು ನಾನು ಸರಿಯಾಗಿ ಹೇಳಲಿಲ್ಲ. ಆ ಟೀಚರ್ ಥರ ಕಲಿಸೋರು ಸಿಗಲ್ಲ. ಮಕ್ಕಳು ನನ್ನ ಕನ್ನಡೀಲಿ ಬೋರ್ಡು ಓದ್ತವೆ. ಅವಳು ನನ್ನ ಮಗಳು.”

ಯುವಕ ನಕ್ಕ. ಕೆಟ್ಟ ನಗುವಲ್ಲ. “ಓ, ನಿಮ್ಮ ಮಗಳಾ? ಹಾಗಾದ್ರೆ ನೀವು ಚೆನ್ನಾಗಿದೆ ಅಂತಾನೇ ಹೇಳ್ಬೇಕಲ್ಲ ಅಣ್ಣ.”

“ಅಲ್ಲಪ್ಪಾ, ಅವತ್ತೂ ನಾನು ಅದನ್ನೇ...”

“ಇರ್ಲಿ ಬಿಡಿ. ಬೇರೆ ಕಡೆ ಫೀಸೂ ಕಟ್ಟಾಯ್ತು. ಬನ್ನಿ ಕೂತ್ಕೊಳ್ಳಿ, ನೀರು ಕುಡೀತೀರಾ?”

ಇನ್ನುಳಿದ ಬಾಗಿಲುಗಳನ್ನೂ ತಟ್ಟಿದ. ಸುದ್ದಿ ಇವನಿಗಿಂತ ಮುಂಚೆ ಮೆಟ್ಟಿಲು ಹತ್ತಿತ್ತು. ‘ಟೀಚರ್ ಅಪ್ಪ ಬಂದಿದ್ದಾರೆ’ ಎಂದು ಒಳಗಿನವರು ಒಳಗಿನವರಿಗೆ ಹೇಳುವುದು ಇವನಿಗೆ ಕೇಳಿಸುತ್ತಿತ್ತು.

ಮೇಲಿನವರು ಮಾತಿಗೆ ತಪ್ಪಲಿಲ್ಲ. ಲಾಠಿಗೆ ಬಗ್ಗದ ಶಾಲೆಯನ್ನು ಮಕ್ಕಳ ಲೆಕ್ಕ ತೋರಿಸಿ ಬಗ್ಗಿಸಿದರು. ಗೇಟಿನೆದುರು ಕೂರೋಣವೆಂದು ಡ್ರೈವರ್ ಬೀದಿಯಲ್ಲೆಲ್ಲ ಹೇಳಿ ಬಂದ. ಕೂರಲು ಬಂದವರು ಅವನು ಮತ್ತು ಇವನು, ಇಬ್ಬರೇ. ಮಕ್ಕಳನ್ನು ಹಳಿಯಾಚೆ ಕಳಿಸಿದರು. ಮಗಳನ್ನು ಎಲ್ಲಿಗೂ ಕಳಿಸಲಿಲ್ಲ. ಖಾಯಂ ಅಲ್ಲದವರಿಗೆ ವಿಲೀನವೂ ಇಲ್ಲ.

ಸಾಮಾನು ಸಾಗಿಸುವ ದಿನ ಅವಳು ಗೇಟಿನಿಂದಲೇ ಕೂಗಿದಳು. “ಅಪ್ಪಾ, ಸ್ವಲ್ಪ ಬಾ, ಬೆಂಚು ಎತ್ತೋಕೆ ಜನ ಇಲ್ಲ.”

ಇವನು ರಸ್ತೆ ದಾಟಿದ. ಅವಳು ಟೀಚರ್ ಆದಮೇಲೆ ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಗೋಡೆಯ ಮೇಲಿನ ಚಿತ್ರಗಳೆಲ್ಲ ತನ್ನ ಸೊಂಟದ ಎತ್ತರಕ್ಕೆ ಇದ್ದವು. ಯಾಕಷ್ಟು ಕೆಳಗೆ ಎಂದು ಯೋಚಿಸಿ, ಮಕ್ಕಳ ಕಣ್ಣು ಅಲ್ಲೇ ಇರುತ್ತದೆಂದು ಹೊಳೆಯಿತು. ಬಾಗಿಲ ಹಿಂದೆ ಒಂದು ಕನ್ನಡಿ ತೂಗುಹಾಕಿತ್ತು, ಎದುರು ಗೋಡೆಯಲ್ಲಿ ತಿರುಗುಮುರುಗಾಗಿ ಬರೆದ ಅಕ್ಷರಗಳು. ಮಕ್ಕಳು ಸಲೂನಿನ ಆಟವನ್ನು ಬಂದು ಹೇಳಿರಬೇಕು, ಅವಳು ಅದನ್ನೇ ಪಾಠ ಮಾಡಿಕೊಂಡಿದ್ದಳು.

ಅವನು ಅದರ ಮುಂದೆ ತುಂಬ ಹೊತ್ತು ನಿಂತ. ಅವಳು ಬೆಂಚಿನ ಒಂದು ತುದಿ ಹಿಡಿದು ಕಾದಳು.

“ಹೇಗಿದೆಯಪ್ಪಾ?”

ಗಂಟಲು ಸರಿಮಾಡಿಕೊಂಡ. ತುಟಿ ಕೂಡಿತು. ಅಷ್ಟು ವರ್ಷ ದುಡಿಸಿಕೊಂಡ ಪದ ಅಲ್ಲೇ ಬಂದು ನಿಂತಿತ್ತು. ಅದನ್ನು ನುಂಗಿದ. ಬೇರೆಯದನ್ನು ಹುಡುಕಿದ. ‘ತುಂಬಾ ಚೆನ್ನಾಗಿದೆ’ ಎಂಬುದನ್ನು ಹೊಸ ಮನೆಗಳ ಮೆಟ್ಟಿಲ ಮೇಲೆಲ್ಲ ಚೆಲ್ಲಿ ಬಂದಿದ್ದ, ಅದಕ್ಕೀಗ ಕಾಸಿನ ಬೆಲೆಯಿರಲಿಲ್ಲ. ಬಾಯಿ ಹಾಗೇ ತೆರೆದುಕೊಂಡಿತು.

“ಪರವಾಗಿಲ್ಲ ಬಿಡಪ್ಪಾ,” ಅಂದಳು ಮಗಳು. “ಆ ಕಡೆ ಹಿಡ್ಕೋ.”

ಅವನು ಬಗ್ಗಿ ಆ ಕಡೆ ಹಿಡಿದುಕೊಂಡ.