ನಿಲ್ಲಿಸುವ ಹಕ್ಕು

ಒಪ್ಪಂದದ ಕಾಗದ ಬರೆದವನು ನಾನು. ಕಟ್ಟಡ ಕಾರ್ಮಿಕರ ಸಂಘಕ್ಕೆ ನನ್ನ ಅಣ್ಣ ಕಾರ್ಯದರ್ಶಿ. ಎದುರಿನ ಗುತ್ತಿಗೆದಾರರನ್ನು ಎಲ್ಲ ಸೈಟುಗಳಲ್ಲೂ ಹಾಜಿಯವರು ಎಂದೇ ಕರೆಯುತ್ತಿದ್ದರು. ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ. ಇಬ್ಬರ ಮಾತಿಗೂ ಉಪ್ಪುಖಾರ ಹಚ್ಚದೆ ಬರೆಯುವವನು ಬೇಕು ಎಂದು ಹಾಜಿಯವರೇ ನನ್ನನ್ನು ಕರೆಸಿದ್ದರು.

ಬಿಜೈಯಲ್ಲಿದ್ದ ಹಾಜಿಯವರ ಕಚೇರಿಯಲ್ಲಿ ಮೂರು ಸಭೆಗಳಾದವು. ಹೆಲ್ಮೆಟ್, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ, ಇವಕ್ಕೆ ತಕರಾರು ಬರಲಿಲ್ಲ. ಸಿಕ್ಕಿಕೊಂಡದ್ದು ಒಂದೇ ವಾಕ್ಯ: ಅಪಾಯ ಕಂಡರೆ ಸೈಟಿನಲ್ಲಿರುವ ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು, ಅದಕ್ಕಾಗಿ ಅವರನ್ನು ಕೆಲಸದಿಂದ ತೆಗೆಯಬಾರದು.

"ಸ್ಲ್ಯಾಬ್ ಹಾಕುವ ದಿನ ಕೂಡವಾ?" ಹಾಜಿಯವರು ಕೇಳಿದರು.

"ಆ ದಿನಕ್ಕೇ ಬೇಕಾದದ್ದು," ಎಂದ ಅಣ್ಣ.

"ಅರ್ಧಕ್ಕೆ ನಿಲ್ಲಿಸಿದ ಸ್ಲ್ಯಾಬ್ ಮತ್ತೆ ಎಂತಕ್ಕೆ ಮಾರಾಯ? ಮಳೆಗಾಲ ಪೂರ್ತಿ ಸೋರ್ತದೆ. ಆಗ ನಿಮ್ಮ ಸಂಘದವರು ಬಂದು ಬಕೆಟ್ ಇಡ್ತಾರಾ?"

ಅಣ್ಣ ನಕ್ಕ. ಅವರೂ ನಕ್ಕರು. ಮೂರನೆಯ ಸಭೆಯ ಕೊನೆಗೆ, "ಬರೀರಿ, ಆದ್ರೆ ತಮಾಷೆಗೆ ನಿಲ್ಲಿಸಿದ್ರೆ ನಾನು ಬಿಡುವವ ಅಲ್ಲ," ಎಂದು ಸಹಿ ಹಾಕಿದರು. ಅಣ್ಣನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಅಲ್ಲಿಯವರೆಗೆ ಅವರಿಬ್ಬರೂ ಎದುರಾಗುತ್ತಿದ್ದದ್ದು ಮುಷ್ಕರದ ದಿನಗಳಲ್ಲಿ ಮಾತ್ರ.

ಆಮೇಲಿನ ಮೊದಲ ಸ್ಲ್ಯಾಬ್ ಕಾವೂರಿನಲ್ಲಿ. ಸ್ಲ್ಯಾಬಿನ ದಿನ ಎಲ್ಲರಿಗೂ ಗುತ್ತಿಗೆದಾರರ ಕಡೆಯಿಂದ ಊಟ. ಅಣ್ಣ ಯಾವತ್ತೂ ಆ ಊಟ ಮುಟ್ಟಿದವನಲ್ಲ, ಮನೆಯಿಂದ ಬುತ್ತಿ ಒಯ್ಯುತ್ತಿದ್ದ. ಅವತ್ತು ಬರಿಗೈಯಲ್ಲಿ ಹೋದ. ಹಾಜಿಯವರು ನನ್ನನ್ನೂ ಊಟಕ್ಕೆ ಕರೆದಿದ್ದರು.

"ಎಂತ ಸೆಕ್ರೆಟ್ರಿಯವರೇ, ಬುತ್ತಿ ಎಲ್ಲಿ? ಅತ್ತಿಗೆಗೂ ಇವತ್ತು ರಜೆಯಾ?" ಎಂದು ಅವರು ಎಲ್ಲರಿಗೂ ಕೇಳುವಂತೆ ಕೂಗಿದರು. ಅಣ್ಣನಿಗೆ ಖುಷಿಯಾದದ್ದು ಅವನ ಕಿವಿ ಕೆಂಪಾದದ್ದರಲ್ಲೇ ಗೊತ್ತಾಯಿತು.

ಹನ್ನೊಂದು ಗಂಟೆಗೆ ಅಣ್ಣ ನನ್ನನ್ನು ಕೆಳಗೆ ಕರೆದುಕೊಂಡು ಹೋದ. ಮೇಲಿನ ಹಲಗೆಗಳನ್ನು ಹೊತ್ತು ಸಾಲಾಗಿ ಕಬ್ಬಿಣದ ಜಾಕಿಗಳು ನಿಂತಿದ್ದವು. ಮೂಲೆಯಲ್ಲಿ, ಹೊಸದಾಗಿ ತುಂಬಿಸಿದ ಮಣ್ಣಿನ ಮೇಲಿದ್ದ ಎರಡು ಜಾಕಿಗಳ ಬುಡ ಒಂದು ಬೆರಳಿನಷ್ಟು ಇಳಿದಿತ್ತು. ಮೇಲೆ ಕಾಂಕ್ರೀಟ್ ಬೀಳುತ್ತಲೇ ಇತ್ತು.

"ನಿಲ್ಲಿಸಬೇಕು," ಎಂದ. ಬಗ್ಗಿ ಜಾಕಿಯ ಬುಡ ಮುಟ್ಟಿ ನೋಡಿ, "ಮೊದಲ ದಿನವೇ ನಿಲ್ಲಿಸಿದ್ರೆ ಹಾಜಿಯವರು ಎಂತ ಗ್ರಹಿಸ್ತಾರೆ?" ಎಂದ.

"ಊಟ ಆಗಲಿ," ಎಂದೆ ನಾನು.

ಅಣ್ಣ ಸೂಪರ್‌ವೈಸರಿಗೆ ಜಾಕಿಗಳ ಕೆಳಗೆ ಹಲಗೆ ಕೊಡಲು ಹೇಳಿದ. ಸೂಪರ್‌ವೈಸರ್ ಆಗಲಿ ಎಂದ. ಒಂದು ಗಂಟೆಗೆ ನಾವು ಊಟಕ್ಕೆ ಕೂತೆವು. ಹಾಜಿಯವರು ತಾವೇ ನಿಂತು ಅಣ್ಣನಿಗೆ ಬಡಿಸಿದರು. ಸ್ಲ್ಯಾಬಿಗೆ ಹಲಗೆ, ಜಾಕಿ ಕಟ್ಟುವ ಸೆಂಟ್ರಿಂಗ್ ಬಡಗಿಯೊಬ್ಬ, ಇನ್ನೂ ಕೊಡದಿದ್ದ ಆ ಹಲಗೆಯನ್ನು ಊಟಕ್ಕೆ ಮೊದಲು ಕೊಟ್ಟು ಬರುತ್ತೇನೆಂದು ಕೆಳಗೆ ಹೋದ. ಅಣ್ಣನ ಜೊತೆ ಹದಿನೈದು ವರ್ಷ ಕೆಲಸ ಮಾಡಿದವನು. ಒಂದೂವರೆಗೆ ಆ ಮೂಲೆ ಕುಸಿಯಿತು. ಶಬ್ದ ನಾನು ಎಣಿಸಿದಷ್ಟು ದೊಡ್ಡದಿರಲಿಲ್ಲ. ನಾನು ಗಡಿಯಾರ ನೋಡಿದೆ. ಡೆಸ್ಕಿನ ಅಭ್ಯಾಸ.

ಅತ್ತಾವರದ ಆಸ್ಪತ್ರೆಯಲ್ಲಿ ಅಣ್ಣ ಮತ್ತು ಹಾಜಿಯವರು ಒಂದೇ ಬೆಂಚಿನಲ್ಲಿ ಕೂತಿದ್ದರು. ಬಡಗಿ ಬದುಕಿದ. ಸೊಂಟದ ಎಲುಬು ಮುರಿದಿತ್ತು, ಮತ್ತೆ ಏಣಿ ಹತ್ತಲಿಲ್ಲ. ಆ ಸಂಜೆ ಡೆಸ್ಕಿನಲ್ಲಿ ನಾನು ನಾಲ್ಕು ಪ್ಯಾರಾ ಸುದ್ದಿ ತಿದ್ದಿದೆ. ಸ್ಥಳ, ಸಮಯ, ಗಾಯ, ಎಲ್ಲವೂ ಸರಿಯಿತ್ತು. ಜಾಕಿ ಇಳಿದದ್ದನ್ನು ನಾನೂ ಅಣ್ಣನೂ ಮೊದಲೇ ನೋಡಿದ್ದೆವು ಎಂಬುದು ಅದರಲ್ಲಿರಲಿಲ್ಲ. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮುಂದಿನ ಪುಟಕ್ಕೆ ಹೋದೆ.

ಸಂಘದ ಸಭೆಯಲ್ಲಿ ಅಣ್ಣ ತಾನೇ ಎದ್ದು ಹೇಳಿದ: ನಾನು ನೋಡಿದ್ದೆ, ನಿಲ್ಲಿಸಲಿಲ್ಲ. ಹಾಜಿಯವರೂ ಬಂದು ಬಾಗಿಲ ಹತ್ತಿರ ಕೂತಿದ್ದರು. "ನೀನು ನಿಲ್ಲಿಸಿ ಅಂದಿದ್ರೆ ನಾನು ಬೈತಿದ್ದೆ. ಆದ್ರೆ ನಿಲ್ಲಿಸ್ತಿದ್ದೆ," ಎಂದರು. ಯಾರೂ ಕೂಗಾಡಲಿಲ್ಲ. ಹಿರಿಯ ಮೇಸ್ತ್ರಿಯೊಬ್ಬರು ಮಾತ್ರ, "ಸೆಕ್ರೆಟ್ರಿಗೇ ಧೈರ್ಯ ಬರ್ಲಿಲ್ಲ. ನಾಳೆ ನಮ್ಮಲ್ಲಿ ಯಾರು ನಿಲ್ಲಿಸುವುದು?" ಎಂದರು. ಕಾಗದದಲ್ಲಿ ಆ ವಾಕ್ಯ ಇತ್ತು, ಅಷ್ಟೇ.

ಮುಂದಿನ ಎರಡು ಸ್ಲ್ಯಾಬುಗಳಲ್ಲಿ ಯಾರೂ ಕೆಲಸ ನಿಲ್ಲಿಸಲಿಲ್ಲ. ಮೂರನೆಯದಕ್ಕೆ ಅಣ್ಣ ಕರೆದನೆಂದು ಹೋದೆ. ಪಂಪಿನ ಪೈಪಿನಿಂದ ಬಿದ್ದ ಕಾಂಕ್ರೀಟನ್ನು ಹರಡುತ್ತಿದ್ದ ಬಾಗಲಕೋಟೆ ಕಡೆಯ ಹೆಂಗಸೊಬ್ಬಳು ಇದ್ದಕ್ಕಿದ್ದಂತೆ ಸಲಿಕೆ ಎತ್ತಿ ಹಿಡಿದಳು.

"ನಿಲ್ಲಸ್ರಿ! ಕಾಲ ಬುಡಕ ಏನೋ ಕುಸದಂಗ ಆತ್ರಿ!"

ಪಂಪಿನವನು ಹಾಜಿಯವರ ಕಡೆ ನೋಡಿದ. ಅವರು ಕೈ ಎತ್ತಿದರು. ಪಂಪು ನಿಂತಿತು. ಅಣ್ಣ ಮತ್ತು ಹಾಜಿಯವರು ಕೆಳಗಿಳಿದು ಒಂದೊಂದೇ ಜಾಕಿಯನ್ನು ಮುಟ್ಟಿ ನೋಡಿದರು. ಮೇಲೆ ಎಲ್ಲರೂ ನಿಂತಲ್ಲೇ ನಿಂತಿದ್ದರು. ಹದಿನಾಲ್ಕು ನಿಮಿಷ. ಏನೂ ಇರಲಿಲ್ಲ. ಯಾವುದೋ ಹಲಗೆ ತನ್ನ ಜಾಗಕ್ಕೆ ಕೂತಿರಬೇಕು.

ಹಾಜಿಯವರು ಬೆವರೊರೆಸುತ್ತಾ ಮೇಲೆ ಬಂದರು. ಹೆಂಗಸು ಸಲಿಕೆಯನ್ನು ಎದೆಗೆ ಹಿಡಿದು ನಿಂತಿದ್ದಳು.

"ಬೈಯಂಗಿದ್ರ ಈಗ ಬೈದ್ಬಿಡ್ರಿ," ಎಂದಳು.

"ನಿನ್ನ ಕಾಲು ಭಾರೀ ಹುಷಾರುಂಟು ಮಾರಾಯ್ತಿ," ಎಂದರು ಅವರು. ಮುಖದಲ್ಲಿ ನಗು ಇರಲಿಲ್ಲ. "ಅಲ್ಲೇ ನಿಲ್ಲು. ಇನ್ನೊಮ್ಮೆ ಹಾಗೆ ಆದ್ರೆ ಇನ್ನೊಮ್ಮೆ ಹೇಳು. ಹೂಂ, ಶುರು ಮಾಡಿ."

ಪಂಪು ಶುರುವಾಯಿತು. ಅಣ್ಣ ಬಂದು ನನ್ನ ಪಕ್ಕ ನಿಂತ. ಅವಳು ಕೆಲಸದ ನಡುವೆ ಆಗಾಗ ಸಲಿಕೆ ತಡೆದು ಹಿಮ್ಮಡಿ ಒತ್ತಿ ನೋಡುತ್ತಿದ್ದಳು. ಪ್ರತಿ ಸಲವೂ ಪಂಪಿನವನು ಅವಳ ಮುಖ ನೋಡುತ್ತಿದ್ದ.